55, 77, 80 ಗ್ರೇನ್ ಗುಂಡುಗಳಿಗೆ ಒಂದೇ ಝೀರೋ ಸಾಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಅಮೆರಿಕದಲ್ಲಿ ಸರ್ವಿಸ್ ರೈಫಲ್ (ಸೇನೆಯ ಮಾದರಿಯ ರೈಫಲ್) ಸ್ಪರ್ಧೆಗೆ ಹೊಸದಾಗಿ ಇಳಿದಿದ್ದೀರಿ, ಕೈಯಲ್ಲಿರುವುದು .223ರ ಏಆರ್-15. ಅಭ್ಯಾಸಕ್ಕೆ ಅಗ್ಗದ 55 ಗ್ರೇನ್, 200 ಮತ್ತು 300 ಗಜಕ್ಕೆ 77, 600 ಗಜಕ್ಕೆ 80. ಒಂದರಲ್ಲಿ ಝೀರೋ ಮಾಡಿಕೊಂಡು, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿಕೊಂಡು, ಉಳಿದೆರಡನ್ನು ತೂಕದ ವ್ಯತ್ಯಾಸ ನೋಡಿ ಲೆಕ್ಕ ಹಾಕಿಕೊಳ್ಳಬಹುದೇ ಅಂತ ಕೇಳಿದ್ದೀರಿ.

ಆಗಲ್ಲ. ಝೀರೋ ಒಂದು ರೈಫಲ್ ಮತ್ತು ಒಂದು ಗುಂಡಿನ ಜೋಡಿಗೆ ಸೇರಿದ್ದು. ಗುಂಡು ಬದಲಾಯಿತೆಂದರೆ ಕಾಗದದ ಮೇಲೆ ಹೊಡೆದೇ ನೋಡಬೇಕು.

ಗ್ರೇನ್ ತೂಕದ ಒಂದು ಅಳತೆ, ಇಲ್ಲಿ ಹೇಳುವುದು ಗುಂಡಿನ ತೂಕ ಮಾತ್ರ. ಮದ್ದು, ಕೇಸು ಅದರಲ್ಲಿ ಸೇರಿಲ್ಲ. 77 ಗ್ರೇನ್ ಸರಿಸುಮಾರು 5 ಗ್ರಾಂ, 55 ಗ್ರೇನ್ ಮೂರೂವರೆ ಗ್ರಾಂಗಿಂತ ಕೂದಲೆಳೆ ಹೆಚ್ಚು. ಒಂದೂವರೆ ಗ್ರಾಂ ಕೂಡ ಇಲ್ಲದ ಈ ಅಂತರ ಎರಡು ಕಡೆ ಆಟ ಆಡಿಸುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವ ವೇಗ. 55 ಸೆಕೆಂಡಿಗೆ ಸುಮಾರು 3200 ಅಡಿಯಲ್ಲಿ ಹೊರಟರೆ 77 ಸುಮಾರು 2750ರಲ್ಲಿ ಹೊರಡುತ್ತದೆ. 100 ಗಜ ತಲುಪುವಷ್ಟರಲ್ಲಿ ಭಾರದ ಗುಂಡು ಹಗುರದ್ದಕ್ಕಿಂತ ಅರ್ಧ ಇಂಚಿನ ಮೇಲೆ ಸ್ವಲ್ಪ ಹೆಚ್ಚು ಕೆಳಗಿಳಿದಿರುತ್ತದೆ. ಇಷ್ಟೇ ಆಗಿದ್ದರೆ ನಿಮ್ಮ ಲೆಕ್ಕಾಚಾರ ನಡೆಯುತ್ತಿತ್ತು.

ಎರಡನೆಯದು ಯಾವ ಆ್ಯಪ್‌ಗೂ ಸಿಗದ್ದು. ಮದ್ದು ಹೊತ್ತಿಕೊಂಡ ಕ್ಷಣದಿಂದ ನಳಿಗೆ ನಡುಗಲು ಶುರು, ರೈಫಲ್ ಹಿಂದಕ್ಕೆ ಒದೆಯಲು ಶುರು. ಗುಂಡು ಇನ್ನೂ ನಳಿಗೆಯ ಒಳಗೇ ಇರುತ್ತದೆ. ಅದು ಒಳಗಿರುವುದು ಒಂದು ಮಿಲಿಸೆಕೆಂಡಿನ ಆಸುಪಾಸು. ನಿಧಾನದ ಗುಂಡು ಚೂರು ಹೆಚ್ಚು ಹೊತ್ತು. ಬಾಯಿಂದ ಹೊರಬೀಳುವ ಗಳಿಗೆಯಲ್ಲಿ ನಳಿಗೆ ಯಾವ ಕಡೆ ವಾಲಿರುತ್ತದೋ ಆ ಕಡೆಗೇ ಅದರ ಪಯಣ. ಹಾಗಾಗಿ ಬದಲಾವಣೆ ಮೇಲೆ ಕೆಳಗೆ ಮಾತ್ರವಲ್ಲ, ಪಕ್ಕಕ್ಕೂ ಆಗುತ್ತದೆ. ನನ್ನ ರೈಫಲಿನಲ್ಲಿ 55 ಗ್ರೇನ್ 77ಕ್ಕಿಂತ ಇಂಚಿಗೂ ಹೆಚ್ಚು ಮೇಲೆ, ಜೊತೆಗೆ ಅರ್ಧ ಇಂಚು ಎಡಕ್ಕೆ ಬೀಳುತ್ತದೆ. ರೇಂಜಿನಲ್ಲಿ ಪಕ್ಕದ ಜಾಗದಿಂದ ಹೊಡೆಯುವ ಗೆಳೆಯನದು ಬಲಕ್ಕೆ. ಗುಂಡುಗಳು ಒಂದೇ ಡಬ್ಬಿಯವು!

ಅಳೆಯುವುದು ಹೇಗೆ? ಮುಖ್ಯ ಗುಂಡು ಯಾವುದೆಂದು ಮೊದಲು ನಿಶ್ಚಯಿಸಿ. ನಿಮ್ಮ ವಿಷಯದಲ್ಲಿ ಅದು 77. ಅದಕ್ಕೆ ಸರಿಯಾಗಿ ಝೀರೋ ಮಾಡಿ. ಬಳಿಕ ಟರೆಟ್ (ಗುರಿ ಸರಿಪಡಿಸುವ ಸ್ಕೋಪಿನ ತಿರುಗಣೆ) ಮುಟ್ಟದೆ, ಅದೇ ಹಾಳೆಯ ಇನ್ನೊಂದು ಚುಕ್ಕೆಗೆ 80 ಗ್ರೇನಿನ ಗುಂಡು ಹೊಡೆಯಿರಿ. ಎರಡು ಗ್ರೂಪುಗಳ (ತೂತುಗಳ ಗುಂಪುಗಳ) ಮಧ್ಯಬಿಂದುಗಳು ತಂತಮ್ಮ ಚುಕ್ಕೆಯಿಂದ ಎಷ್ಟೆಷ್ಟು ದೂರ ಅಂತ ಸ್ಕೇಲ್ ಹಿಡಿದು ಅಳೆದರೆ ಅಂತರ ಸಿಕ್ಕಿತು. ಎಂಓಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ. 100 ಗಜದಲ್ಲಿ ಒಂದು ಎಂಓಎ ಅಂದರೆ 1.047 ಇಂಚು, ಕಾಲು ಎಂಓಎ ಕ್ಲಿಕ್ಕಿನ ಸ್ಕೋಪ್ ಆದರೆ ಒಂದು ಇಂಚಿಗೆ ನಾಲ್ಕು ಕ್ಲಿಕ್ ಎಂದುಕೊಂಡರೆ ಸಾಕು.

ಹೆಚ್ಚಿನವರು ಎಡವುವುದು ಮೂರೇ ಗುಂಡು ಹೊಡೆದು ನಿರ್ಧರಿಸುವಲ್ಲಿ. ಐದು ಗುಂಡಿಗೆ ಒಂದೂವರೆ ಎಂಓಎ ಗ್ರೂಪ್ ಕೊಡುವ ರೈಫಲ್ ನಿಮ್ಮದಾದರೆ, ಮೂರು ಮೂರು ಗುಂಡಿನ ಎರಡು ಗ್ರೂಪುಗಳ ನಡುವೆ ಬರಿಯ ಅದೃಷ್ಟದಿಂದಲೇ ಅರ್ಧ ಎಂಓಎಯಷ್ಟು ವ್ಯತ್ಯಾಸ ಕಾಣಿಸಬಹುದು. ಅದನ್ನು ನಂಬಿ ಎರಡು ಕ್ಲಿಕ್ ತಿರುಗಿಸಿದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟ ಹಾಗೆ. ಒಂದೊಂದಕ್ಕೂ ಹತ್ತು ಗುಂಡು ಹೊಡೆಯಿರಿ. ಇನ್ನೊಂದು ದಿನ ಮತ್ತೆ ಹೊಡೆದಾಗಲೂ ಅಷ್ಟೇ ಬಂದರೆ ನಿಜ ಅನ್ನಿ.

ಇದನ್ನು ಬೆಂಚಿನ ಮೇಲೆ ಮರಳುಚೀಲ ಇಟ್ಟು ಮಾಡಬೇಡಿ. ಸ್ಪರ್ಧೆಯಲ್ಲಿ ತೋಳಿಗೆ ಸ್ಲಿಂಗ್ (ರೈಫಲಿನ ಪಟ್ಟಿ) ಬಿಗಿದು ಮಲಗಿ ಹೊಡೆಯುತ್ತೀರಿ ತಾನೆ, ಇಲ್ಲೂ ಹಾಗೆಯೇ ಹೊಡೆಯಿರಿ. ಸ್ಲಿಂಗಿನ ಎಳೆತಕ್ಕೇ ಗುಂಡು ಬೀಳುವ ಜಾಗ ಬದಲಾಗುತ್ತದೆ. 25 ಗಜದ ಝೀರೋ ಕೂಡ ನೆಚ್ಚಬೇಡಿ. ಏಆರ್‌ನಲ್ಲಿ ಸ್ಕೋಪ್ ನಳಿಗೆಗಿಂತ ಎರಡೂವರೆ ಇಂಚಿನಷ್ಟು ಎತ್ತರದಲ್ಲಿರುವುದರಿಂದ, 25ರಲ್ಲಿ ಸರಿಹೊಂದಿಸಿದ್ದು 100ರಲ್ಲಿ ಮೇಲೆ ಬೀಳುತ್ತದೆ. ಜೊತೆಗೆ ಅಷ್ಟು ಹತ್ತಿರದಲ್ಲಿ 55, 77, 80 ಎಲ್ಲವೂ ಒಂದೇ ತೂತಿನಲ್ಲಿ ಹೋದಂತೆ ಕಂಡು, ದೂರ ಹೋದ ಮೇಲೆ ಬಣ್ಣ ಬಯಲಾಗುತ್ತದೆ.

ಕೊಡಗಿನವರು ಎಂದು ಬರೆದಿದ್ದೀರಿ. ನಿಮ್ಮ ಕೈಲ್‌ಪೊಳ್ದು ಹಬ್ಬದಲ್ಲಿ ಮರದ ತೆಂಗಿನಕಾಯಿಗೆ ಹೊಡೆದಾಗ ಒಡೆಯಿತೋ ಇಲ್ಲವೋ ಅಷ್ಟೇ ಮುಖ್ಯ. ಇಲ್ಲಿ ಹತ್ತು ಅಂಕದ ವೃತ್ತದ ಒಳಗೂ ಎಕ್ಸ್ ಎಂಬ ಚಿಕ್ಕ ವೃತ್ತಕ್ಕೆ ಎಷ್ಟು ಬಿದ್ದವು ಅಂತ ಎಣಿಸುತ್ತಾರೆ. 200 ಗಜದ ಎಸ್‌ಆರ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತ 7 ಇಂಚು, ಅಂದರೆ ಮೂರು ಎಂಓಎಗಿಂತ ಹೆಚ್ಚು. 600 ಗಜದ ಎಂಆರ್-1ರಲ್ಲಿ ಅದು 12 ಇಂಚು, ಎರಡು ಎಂಓಎ ಕೂಡ ಇಲ್ಲ. ಅರ್ಧ ಎಂಓಎ ತಪ್ಪಿದರೆ 200ರಲ್ಲಿ ಒಂದೇ ಇಂಚು, ಹೇಗೋ ದಾಟಿಕೊಳ್ಳಬಹುದು. 600ರಲ್ಲಿ ಮೂರು ಇಂಚು, ಅಂದರೆ ನಡುವಿನಿಂದ ಅಂಚಿಗೆ ಅರ್ಧ ದಾರಿ. 100 ಗಜದಲ್ಲಿ 77 ಮತ್ತು 80ರ ನಡುವೆ ಸಿಕ್ಕ ಅಂತರವನ್ನು 600ಕ್ಕೆ ಹಾಗೇ ಎತ್ತಿಕೊಂಡು ಹೋಗಲೂ ಬರುವುದಿಲ್ಲ, ಯಾಕೆಂದರೆ ಗಾಳಿಯಲ್ಲಿ ಎರಡೂ ವೇಗ ಕಳೆದುಕೊಳ್ಳುವ ರೀತಿ ಬೇರೆ. 80ಕ್ಕೆ 600ರಲ್ಲೇ, ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು, ಬೇರೆಯೇ ಝೀರೋ ಮಾಡಿ. ಡೇಟಾ ಬುಕ್ಕಿನಲ್ಲಿ ಅದಕ್ಕೆ ಪ್ರತ್ಯೇಕ ಪುಟ ಇರಲಿ. ಟರೆಟ್ಟನ್ನು ಪೂರ್ತಿ ಕೆಳಕ್ಕೆ ತಿರುಗಿಸಿ ಅಲ್ಲಿಂದ ಎಷ್ಟು ಕ್ಲಿಕ್ ಅಂತಲೂ ಬರೆದಿಟ್ಟರೆ ಗೊಂದಲವಾದಾಗ ಮತ್ತೆ ಮೊದಲಿಂದ ಎಣಿಸಬಹುದು. ಸಿಎಂಪಿಯ (ಈ ಸ್ಪರ್ಧೆಗಳನ್ನು ನಡೆಸುವ ಅಮೆರಿಕದ ಸಂಸ್ಥೆ) ಎಕ್ಸಲೆನ್ಸ್ ಇನ್ ಕಾಂಪಿಟಿಷನ್ ಪಂದ್ಯಗಳಲ್ಲಿ ಸೈಟರ್, ಅಂದರೆ ಲೆಕ್ಕಕ್ಕಿಲ್ಲದ ಪರೀಕ್ಷೆಯ ಗುಂಡು, ಇರುವುದಿಲ್ಲ, ಮೊದಲ ಗುಂಡೇ ಲೆಕ್ಕಕ್ಕೆ.

55ರ ಬಗ್ಗೆ ನನ್ನ ಮಾತು ಕೆಲವರಿಗೆ ಸರಿ ಕಾಣದು: ಅದಕ್ಕೆ ಝೀರೋ ಮಾಡಲೇಬೇಡಿ. 77ರ ಝೀರೋ ಹಾಗೇ ಇರಲಿ. ನಿಂತು ಹೊಡೆಯುವ ಅಭ್ಯಾಸದಲ್ಲಿ ಟ್ರಿಗರ್ ಬಿಟ್ಟಾಗ ಗುಂಡು ಎಲ್ಲಿ ಹೋಯಿತೆಂದು ಮನಸ್ಸು ಹೇಳಿತೋ, ಕಾಗದದ ತೂತು ಅದರಿಂದ ಪ್ರತಿಸಲ ಅಷ್ಟೇ ದೂರ, ಅದೇ ದಿಕ್ಕಿಗೆ ಇದೆಯೇ ಅಂತ ನೋಡಿ. ಅಂಕ ಎಣಿಸಬೇಡಿ. ವಾರಕ್ಕೊಮ್ಮೆ ಟರೆಟ್ ತಿರುಗಿಸಿ ಮತ್ತೆ ಹಿಂದಕ್ಕೆ ತರಲು ಮರೆಯುವ ಅಪಾಯವೂ ತಪ್ಪುತ್ತದೆ.

80 ಈಗಲೇ ಬೇಕೇ ಅನ್ನುವುದೂ ನನಗೆ ಅನುಮಾನ. ಗಂಟೆಗೆ 10 ಮೈಲಿಯ ಅಡ್ಡಗಾಳಿ 600 ಗಜದಲ್ಲಿ 77ನ್ನು ಮೂರು ಅಡಿ ಇಲ್ಲವೇ ಅದಕ್ಕೂ ಸ್ವಲ್ಪ ಹೆಚ್ಚು ತಳ್ಳುತ್ತದೆ. 80 ಉಳಿಸಿಕೊಡುವುದು ಅದರಲ್ಲಿ ಕೆಲವೇ ಇಂಚು. ಗಾಳಿ ಓದುವುದು ಕೈಗೆ ಹತ್ತುವ ತನಕ ಆ ಕೆಲವು ಇಂಚು ನಿಮಗೆ ಕಾಣುವುದೂ ಇಲ್ಲ. ಮೊದಲ ಸೀಸನ್ ಮೂರೂ ದೂರಕ್ಕೆ 77 ಒಂದನ್ನೇ ಹೊಡೆಯಿರಿ ಅನ್ನುತ್ತೇನೆ.

ಹಟ ಹಿಡಿದು 80 ತಂದರೂ ಅದನ್ನು ಮ್ಯಾಗಜೀನಿಗೆ ಹಾಕುವ ಹಾಗಿಲ್ಲ, ಉದ್ದ ಜಾಸ್ತಿ. ಒಂದೊಂದಾಗಿ ಕೈಯಿಂದ ತುಂಬಬೇಕು. ನೀವೇ ಮದ್ದು ತುಂಬುವವರಾದರೆ 77ರ ಅಳತೆಯನ್ನು 80ಕ್ಕೆ ಬಳಸಬೇಡಿ, ಕೈಪಿಡಿ ನೋಡಿ ಕೆಳಗಿನ ಅಳತೆಯಿಂದ ಶುರು ಮಾಡಿ. ನಳಿಗೆಯ ಮೇಲೆ ಕೆತ್ತಿರುವ ಅಂಕೆಯನ್ನೂ ಈಗಲೇ ನೋಡಿಕೊಳ್ಳಿ. ಎಷ್ಟು ಇಂಚಿಗೆ ಗುಂಡು ಒಂದು ಸುತ್ತು ತಿರುಗುತ್ತದೆ ಅನ್ನುವುದು ಅದು. 1:7 ಅಥವಾ 1:8 ಇದ್ದರೆ ಚಿಂತೆ ಇಲ್ಲ. 1:9 ಇದ್ದರೆ 77 ಕೂಡ ಅನುಮಾನ. ಕಾಗದದಲ್ಲಿ ದುಂಡು ತೂತಿನ ಬದಲು ಬೀಗದ ಕಿಂಡಿಯಂಥ ಉದ್ದ ತೂತು ಕಂಡರೆ ಗುಂಡು ಪಲ್ಟಿ ಹೊಡೆಯುತ್ತಿದೆ ಎಂದರ್ಥ. ಆ ನಳಿಗೆಯಲ್ಲಿ 69ಕ್ಕೆ ಇಳಿದು ಝೀರೋ ಮಾಡಿ.