ಅವಳು ಆ ಟ್ರಕ್ಕಿಗೇ ಯಾಕೆ ಹೋಗ್ತಾಳೆ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ನಾಲ್ಕು ಸಲ ಓದಿದೆ. ಬರೆದವರು ಒಬ್ಬ ತಾಯಿ. ಸಾಗರದ ಕಡೆಯವರು, ಶಿಕಾಗೋ ಪಕ್ಕದ ಊರಿಗೆ ಹೋಗಿ ನೆಲೆಸಿ ಇಪ್ಪತ್ತಾರು ವರ್ಷ ಆಯಿತಂತೆ. ಪತ್ರ ಉದ್ದ ಇದೆ, ವಿಷಯ ಇಷ್ಟು.

ಮಗಳಿಗೆ ಈಗ ಇಪ್ಪತ್ತನಾಲ್ಕು. ಆರನೇ ಕ್ಲಾಸಿನಿಂದ ಟ್ರಂಪೆಟ್ ನುಡಿಸುತ್ತಿದ್ದಳು. ಕಾಲೇಜಿನಲ್ಲಿದ್ದಾಗ ಮೂರು ಬೇಸಿಗೆ ಒಂದು ಡ್ರಮ್ ಕೋರ್‌ನಲ್ಲಿ ಇದ್ದಳು. ಕೊನೆಯ ವರ್ಷ ಒಬ್ಬಳೇ ನುಡಿಸುವ ಭಾಗ, ಸೋಲೋ, ಸಿಕ್ಕಿತು. ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ, ಫೈನಲ್ಸ್ ರಾತ್ರಿ, ಮೇಲಿನ ಸ್ವರ ಒಡೆದುಹೋಯಿತು. ಇಡೀ ಸ್ಟೇಡಿಯಂ ಕೇಳಿತು. ಆಮೇಲೆ ಟ್ರಂಪೆಟ್ ಪೆಟ್ಟಿಗೆ ಕ್ಲೋಸೆಟ್ ಸೇರಿದ್ದು ಹೊರಗೆ ಬಂದಿಲ್ಲ. ಒಳ್ಳೆ ಕೆಲಸದಲ್ಲಿದ್ದಾಳೆ. ಆದರೆ ಕಳೆದ ಎರಡು ಬೇಸಿಗೆ ಹತ್ತು ಹತ್ತು ದಿನ ರಜೆ ಹಾಕಿ ಅದೇ ತಂಡದ ಅಡುಗೆ ಟ್ರಕ್ಕಿಗೆ ಹೋಗಿದ್ದಾಳೆ. ತರಕಾರಿ ಹೆಚ್ಚುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ಊರಿಗೆ ಬಂದು ಅಜ್ಜಿಯನ್ನು ನೋಡಲು ರಜೆ ಉಳಿಯುವುದಿಲ್ಲ. ತಾಯಿ ಕೇಳುತ್ತಾರೆ: "ಅವಮಾನ ಆದ ಜಾಗಕ್ಕೇ ಹೋಗಿ ಪಾತ್ರೆ ತೊಳೀತಾಳಲ್ಲ, ಇದು ತನಗೆ ತಾನೇ ಕೊಟ್ಟುಕೊಂಡಿರೋ ಶಿಕ್ಷೆ ಅಲ್ವಾ? ಈ ನಂಟು ಬಿಡಿಸೋದು ಹೇಗೆ?"

ಡ್ರಮ್ ಕೋರ್ ಅಂದರೆ ಏನು ಅಂತ ಕೇಳುವ ಓದುಗರಿಗೆ ಎರಡು ಮಾತು. ನಮ್ಮ ದಸರಾ ಮೆರವಣಿಗೆಯ ಪೊಲೀಸ್ ಬ್ಯಾಂಡ್ ನೋಡಿದ್ದರೆ ಅರ್ಧ ಅರ್ಥ ಆದ ಹಾಗೆ. ತುತ್ತೂರಿಯ ಜಾತಿಯ ವಾದ್ಯಗಳು, ಡ್ರಮ್‌ಗಳು, ಬಾವುಟ ತಿರುಗಿಸುವವರು, ಎಲ್ಲ ಸೇರಿ ನೂರೈವತ್ತು ಜನ ಫುಟ್‌ಬಾಲ್ ಮೈದಾನದಲ್ಲಿ ಓಡುತ್ತಾ, ಆಕಾರ ಬದಲಿಸುತ್ತಾ ನುಡಿಸುತ್ತಾರೆ. ಪ್ರದರ್ಶನ ಹನ್ನೆರಡು ನಿಮಿಷದ ಆಸುಪಾಸು. ಅದಕ್ಕೆ ಚಳಿಗಾಲದಿಂದ ಶಿಬಿರ, ಮೇ ತಿಂಗಳಿಂದ ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಭ್ಯಾಸ, ಜೂನ್‌ನಿಂದ ಆಗಸ್ಟ್‌ವರೆಗೆ ಊರಿಂದ ಊರಿಗೆ ತಿರುಗಾಟ. ರಾತ್ರಿ ಬಸ್ಸಿನಲ್ಲಿ ನಿದ್ದೆ, ಬೆಳಗಿನ ಜಾವ ಯಾವುದೋ ಶಾಲೆಯ ಜಿಮ್ ನೆಲದ ಮೇಲೆ ಉಳಿದ ನಿದ್ದೆ. ನುಡಿಸುವವರಿಗೆ ಯಾರಿಗೂ ಸಂಬಳ ಇಲ್ಲ. ಮಕ್ಕಳೇ ಸಾವಿರಾರು ಡಾಲರ್ ಕಟ್ಟಿ ಸೇರುತ್ತಾರೆ. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಈಗಿನ ರಾಷ್ಟ್ರೀಯ ಸ್ಪರ್ಧೆ ಮೊದಲ ಸಲ ನಡೆಯಿತು. ಇಪ್ಪತ್ತೊಂದು ದಾಟಿದರೆ ಈ ಸ್ಪರ್ಧೆಯ ತಂಡಗಳಲ್ಲಿ ಜಾಗ ಇಲ್ಲ. ಅದಕ್ಕೆ ಅವರು ಏಜ್‌-ಔಟ್ ಅನ್ನುತ್ತಾರೆ. ಈ ಹುಡುಗಿಯ ಸ್ವರ ಒಡೆದದ್ದು ಏಜ್‌-ಔಟ್ ವರ್ಷದ ಕೊನೆಯ ರಾತ್ರಿ. ಮಾರನೇ ವರ್ಷ ಬಂದು ಸರಿಮಾಡ್ತೀನಿ ಅನ್ನೋಕೆ ಅವಳಿಗೆ ಮಾರನೇ ವರ್ಷ ಇರಲಿಲ್ಲ. ನನಗೆ ಹೊಟ್ಟೆಯೊಳಗೆ ಚುರ್ ಅಂದದ್ದು ಇಲ್ಲಿ.

ಈಗ ನಿಮಗೇ ಹೇಳುತ್ತೇನೆ, ತಾಯಿ. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಅಜ್ಜಿಯ ವಿಷಯ ಬರೆಯುವ ಮಧ್ಯೆ, ಒಂದು ಸಾಲು ಸುಮ್ನೆ ಬಂದು ಹೋಗಿದೆ. "ಅಲ್ಲಿಂದ ಬಂದ ಮೇಲೆ ಒಂದೆರಡು ವಾರ ಚೆನ್ನಾಗಿ ಊಟ ಮಾಡ್ತಾಳೆ, ಬೆಳಗಿನವರೆಗೆ ನಿದ್ದೆ ಮಾಡ್ತಾಳೆ, ಆಮೇಲೆ ಮತ್ತೆ ಮೊದಲಿನ ಹಾಗೇ." ಇದನ್ನು ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ.

ಶಿಕ್ಷೆ ಅನುಭವಿಸಿ ಬಂದವರಿಗೆ ಹಸಿವಾಗುವುದಿಲ್ಲ, ನಿದ್ದೆ ಬರುವುದಿಲ್ಲ. ನಿಮ್ಮ ಮಗಳಿಗೆ ಎರಡೂ ಬರುವುದು ಆ ಟ್ರಕ್ಕಿನಿಂದ ಇಳಿದು ಬಂದಾಗ. ಎರಡೂ ಹೋಗುವುದು ಮನೆಯಲ್ಲಿ ಎರಡು ವಾರ ಕಳೆದ ಮೇಲೆ. ಹಾಗಾದರೆ ಗಾಯ ಕೆದಕುವ ಜಾಗ ಯಾವುದು?

ಉತ್ತರವೂ ನಿಮ್ಮ ಪತ್ರದಲ್ಲೇ ಇದೆ. ನಿಮ್ಮ ಮೈದುನ. ಅವರು ಆ ಸೋಲೋದ ಹನ್ನೊಂದು ಸೆಕೆಂಡ್ ತುಣುಕನ್ನು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದಾರೆ. ಯುಗಾದಿಗೆ ಎಲ್ಲ ಸೇರಿದಾಗ ಟೀವಿಗೆ ಹಾಕಿ ತೋರಿಸಿದ್ದಾರೆ. "ಏನಮ್ಮಾ, ಪೀಪಿ ಒಡೆದುಹೋಯ್ತಾ?" ಅಂದಿದ್ದಾರೆ. "ಅವರದು ತಮಾಷೆ ಸ್ವಭಾವ, ಪ್ರೀತಿಯಿಂದಲೇ ಹೇಳೋದು" ಅಂತ ನೀವು ಬರೆದಿದ್ದೀರಿ. ನನಗೆ ಅದರಲ್ಲಿ ಪ್ರೀತಿ ಕಾಣಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿಯ ಬದುಕಿನ ಅತಿ ಕೆಟ್ಟ ಕ್ಷಣವನ್ನು ಕತ್ತರಿಸಿ ಎತ್ತಿಟ್ಟುಕೊಂಡು, ಹೋಳಿಗೆ ತಿನ್ನುತ್ತಾ ಹತ್ತು ಜನರ ಮುಂದೆ ಹಾಕುವುದು ತಮಾಷೆ ಅಲ್ಲ. ಅವಳು ಆ ಹೊತ್ತಿಗೆ ಅಡುಗೆಮನೆಗೆ ಎದ್ದು ಹೋದಳು ಅಂತಲೂ ನೀವೇ ಬರೆದಿದ್ದೀರಿ. ಅವಳ ಹಿಂದೆ ಯಾರಾದರೂ ಹೋದರಾ? ಅದನ್ನು ಬರೆದಿಲ್ಲ.

ಆ ಹನ್ನೊಂದು ಸೆಕೆಂಡ್‌ನಲ್ಲಿ ಏನಿದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಟ್ರಂಪೆಟ್‌ಗೆ ಇರುವುದು ಮೂರೇ ವಾಲ್ವ್, ಅಂದರೆ ಬೆರಳಲ್ಲಿ ಒತ್ತುವ ಗುಂಡಿ. ಬೆರಳು ಕದಲದೆ ಬರೀ ತುಟಿಯ ಬಿಗಿಯಿಂದಲೇ ಐದಾರು ಸ್ವರ ಹುಟ್ಟುತ್ತವೆ. ಮೇಲೆ ಹೋದಷ್ಟೂ ಈ ಸ್ವರಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಇರುತ್ತವೆ. ತುಟಿ ಕೂದಲೆಳೆಯಷ್ಟು ಸಡಿಲವಾದರೂ ಪಕ್ಕದ ಸ್ವರಕ್ಕೆ ತಗುಲಿ ಒಡೆಯುತ್ತದೆ. ಅವರ ಬಾಯಲ್ಲಿ ಅದಕ್ಕೆ ಫ್ರ್ಯಾಕ್ ಅಂತ ಹೆಸರು. ಹೆಸರು ಇದೆ ಅಂದರೆ ಎಲ್ಲರಿಗೂ ಆಗುತ್ತದೆ ಅಂತ ಅರ್ಥ. ನಿಮ್ಮ ಮಗಳು ಅದಕ್ಕೆ ಮೊದಲು ಏಳೆಂಟು ನಿಮಿಷ ಮೈದಾನದಲ್ಲಿ ಓಡಿದ್ದಾಳೆ. ಎಂಟು ಹೆಜ್ಜೆಗೆ ಐದು ಗಜ, ಅದು ಅವರ ಸಾಮಾನ್ಯ ಅಳತೆ. ಓಡಿ ಬಂದು, ಉಸಿರು ಹಿಡಿದು, ಮೈಕಿನ ಮುಂದೆ ನಿಂತಿದ್ದಾಳೆ. ಮೊದಲೆಲ್ಲ ಮೈಕೇ ಇರಲಿಲ್ಲ, 2004ರಿಂದ ಬಿಟ್ಟರು. ಹಿಂದಿನವರ ಇಂಥ ಎಷ್ಟೋ ಸ್ವರಗಳು ಮೈದಾನದ ಗಾಳಿಯಲ್ಲೇ ಹೋಗಿವೆ. ಅವಳದು ಸ್ಪೀಕರಿನಲ್ಲಿ ಬಂತು, ಅಷ್ಟೇ ವ್ಯತ್ಯಾಸ.

ಮತ್ತೆ, ಒಡೆದ ಮೇಲೆ ಅವಳು ಏನು ಮಾಡಿದಳು? ತುಣುಕು ಅಲ್ಲಿಗೆ ಮುಗಿಯುತ್ತದೆ ಅಂತೀರಿ. ನೀವು ಸ್ಟೇಡಿಯಂನಲ್ಲೇ ಇದ್ದರೂ ಕಣ್ಣು ಮುಚ್ಚಿಕೊಂಡಿರಿ ಅಂತೀರಿ. ಆ ಆಟದಲ್ಲಿ ನಿಲ್ಲುವುದಕ್ಕೆ ಆಗುವುದಿಲ್ಲ. ನಿಂತರೆ ಹಿಂದೆ ಬರುವವರು ಢಿಕ್ಕಿ ಹೊಡೆಯುತ್ತಾರೆ. ಅವಳು ಮುಂದಿನ ಸ್ವರ ನುಡಿಸಿದ್ದಾಳೆ, ಅದರ ಮುಂದಿನದು ನುಡಿಸಿದ್ದಾಳೆ, ತನ್ನ ಜಾಗಕ್ಕೆ ಓಡಿ ಸೇರಿ ಕೊನೆಯವರೆಗೆ ನುಡಿಸಿದ್ದಾಳೆ. ನಿಮ್ಮ ಮನೆಯಲ್ಲಿ ಒಬ್ಬರೂ ಅದನ್ನು ಕೇಳಿಲ್ಲ.

"ಅವಳಿಂದ ತಂಡಕ್ಕೆ ಒಂದು ಸ್ಥಾನ ಹೋಯ್ತು" ಅಂತ ಮೈದುನ ಹೇಳಿದ್ದನ್ನೂ ಬರೆದಿದ್ದೀರಿ. ನಿಜ, ಅಲ್ಲಿ ಕೂದಲೆಳೆಯ ಅಂತರದ ಸೋಲುಗಳಿವೆ. 2008ರಲ್ಲಿ ಫ್ಯಾಂಟಮ್ ರೆಜಿಮೆಂಟ್ ಬ್ಲೂ ಡೆವಿಲ್ಸ್ ತಂಡವನ್ನು ಸೋಲಿಸಿದ್ದು 0.025 ಅಂಕದಿಂದ. ಆದರೆ ನೂರು ಅಂಕದಲ್ಲಿ ಒಟ್ಟು ಪರಿಣಾಮಕ್ಕೆ 40, ನೋಟಕ್ಕೆ 30, ಸಂಗೀತಕ್ಕೆ 30. ಆ ಮೂವತ್ತರಲ್ಲಿ ಡ್ರಮ್ಮೂ ಬರುತ್ತದೆ, ತುತ್ತೂರಿಯೂ ಬರುತ್ತದೆ. ನೂರೈವತ್ತು ಜನರ ಸಾವಿರಾರು ಹೆಜ್ಜೆಯಲ್ಲಿ ಯಾರದು ಎಷ್ಟು ಅಂತ ಸೋಫಾದ ಮೇಲೆ ಕೂತವರು ಹೇಳುವುದಕ್ಕೆ ಆಗುವುದಿಲ್ಲ.

ಹಿಂದೆ ಹಾಗೆ ಎಣಿಸುತ್ತಿದ್ದರು ಅನ್ನುವುದೂ ಸತ್ಯ. ತೀರ್ಪುಗಾರರು ಪೆನ್ಸಿಲ್ ಹಿಡಿದು ಆಟಗಾರರ ನಡುವೆಯೇ ನಡೆಯುತ್ತಿದ್ದರು. ಒಂದು ತಪ್ಪಿಗೆ ಒಂದು ಟಿಕ್, ಒಂದು ಟಿಕ್ಕಿಗೆ 0.1 ಅಂಕ ಕಳೆಯುತ್ತಿದ್ದರು. 1984ರ ಹೊತ್ತಿಗೆ ಅದನ್ನು ಕೈಬಿಟ್ಟರು. ತಪ್ಪು ಎಣಿಸಿ ಕಳೆಯುವ ಬದಲು, ಮಾಡಿದ್ದನ್ನು ನೋಡಿ ಅಂಕ ಕೂಡಿಸುವ ಪದ್ಧತಿ ತಂದರು. ಅಂಥ ಕಟ್ಟುನಿಟ್ಟಿನ ಲೋಕವೇ ನಲವತ್ತು ವರ್ಷದ ಹಿಂದೆ ಬಿಟ್ಟ ಲೆಕ್ಕವನ್ನು ನಿಮ್ಮ ಮನೆ ಇನ್ನೂ ಬಿಟ್ಟಿಲ್ಲ.

ಈಗ ಆ ನಂಟಿನ ಮಾತು. ಬಿಡಿಸಬೇಕು ಅಂತೀರಿ. ನೀವು ಸಾಗರದವರು, ಯಕ್ಷಗಾನ ನೋಡಿ ಬೆಳೆದವರು, ನಿಮಗೆ ಇದು ಬೇಗ ತಿಳಿಯುತ್ತದೆ. ನನ್ನ ಅಜ್ಜನ ಮನೆಯ ಪಕ್ಕ ಒಬ್ಬ ಹಳೇ ವೇಷಧಾರಿ ಇದ್ದರು. ಮೇಳ ಬಿಟ್ಟು ಹತ್ತು ವರ್ಷವಾಗಿತ್ತು, ಮಂಡಿ ಬಗ್ಗುತ್ತಿರಲಿಲ್ಲ. ಹತ್ತಿರದಲ್ಲಿ ಎಲ್ಲಾದರೂ ಆಟ ಇದ್ದರೆ ಕತ್ತಲಾಗುವ ಮೊದಲೇ ಹೊರಟುಬಿಡುತ್ತಿದ್ದರು. ಆಟ ನೋಡುವುದಕ್ಕಲ್ಲ, ವೇಷ ಕಟ್ಟುವ ಚೌಕಿಗೆ. ಹುಡುಗರ ಕಾಲ ಬಳಿ ಕೂತು ಗೆಜ್ಜೆ ಕಟ್ಟುತ್ತಿದ್ದರು. ಕಟ್ಟಿ, ಎರಡು ಬೆರಳು ತೂರಿಸಿ, ಬಿಗಿ ಸಾಕಾ ಅಂತ ನೋಡುತ್ತಿದ್ದರು. ಒಂದು ಸಲ ತುಂಬಿದ ಸಭೆಯಲ್ಲಿ ಅವರಿಗೆ ಮಾತು ಮರೆತುಹೋಗಿತ್ತು ಅಂತ ಊರಿನವರು ಹೇಳಿಕೊಳ್ಳುತ್ತಿದ್ದರು. ಚೌಕಿಯಲ್ಲಿ ಆ ಮಾತು ಎತ್ತಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಅಲ್ಲಿದ್ದವರಿಗೆಲ್ಲ ಒಂದಲ್ಲ ಒಂದು ದಿನ ಮಾತು ಮರೆತಿತ್ತು.

ನಿಮ್ಮ ಮಗಳ ಟ್ರಕ್ ಅಂಥ ಚೌಕಿ. ಆ ಅಡುಗೆ ಟ್ರಕ್ಕುಗಳನ್ನು ನಡೆಸುವವರು ಹೆಚ್ಚಾಗಿ ಮಕ್ಕಳ ಅಪ್ಪ ಅಮ್ಮಂದಿರು ಮತ್ತು ಹಳೇ ಆಟಗಾರರು. ದಿನಕ್ಕೆ ನಾಲ್ಕು ಊಟ. ಕೊನೆಯದು ಪ್ರದರ್ಶನ ಮುಗಿದ ಮೇಲೆ, ನಡುರಾತ್ರಿ ಹತ್ತಿರ. ಹಳಬರು ಬಸ್ಸು ಓಡಿಸುತ್ತಾರೆ, ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಾರೆ, ದುಡ್ಡು ಹೊಂದಿಸುತ್ತಾರೆ. ಮ್ಯಾಸಚೂಸೆಟ್ಸ್‌ನ ರಿವೀರ್ ಊರಿನ ಟ್ವೆಂಟಿ ಸೆವೆಂತ್ ಲ್ಯಾನ್ಸರ್ಸ್ ಅನ್ನುವ ತಂಡ 1986ರಲ್ಲಿ ನಿಂತುಹೋಯಿತು. 1994ರಲ್ಲಿ ಫೈನಲ್ಸ್ ಬಾಸ್ಟನ್ ಕಡೆಗೆ ಬಂದಾಗ ಹಳಬರು ಮತ್ತೆ ಸೇರಿ ಮೈದಾನಕ್ಕೆ ಇಳಿದರು. ತಂಡವೇ ಇಲ್ಲದೆ ಎಂಟು ವರ್ಷ ಆದಮೇಲೂ ನಂಟು ಉಳಿದಿತ್ತು. ಇಂಥದ್ದನ್ನು ನೀವು ಹೇಗೆ ಬಿಡಿಸುತ್ತೀರಿ? ಯಾಕೆ ಬಿಡಿಸಬೇಕು? ಒಂದೇ ಜಿಮ್ ನೆಲದ ಮೇಲೆ ಮಲಗಿ, ಒಂದೇ ಬಿಸಿಲಿಗೆ ಸುಟ್ಟು, ಒಂದೇ ಬಾಟಲಿಯ ನೀರು ಕುಡಿದವರು ಅವರು. ಆ ರಾತ್ರಿ ಅವಳ ಪಕ್ಕದಲ್ಲಿ ನಿಂತು ನುಡಿಸುತ್ತಿದ್ದವರು ಅವಳನ್ನು ಮತ್ತೆ ಮತ್ತೆ ಕರೆಯುತ್ತಿದ್ದಾರೆ. ಆ ಕ್ಷಣದ ತೂಕ ಎಷ್ಟು ಅಂತ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೆ ಇದೆ. ಅವರು ಅವಳ ಕೈಗೆ ಚಾಕು ಕೊಟ್ಟು ಈರುಳ್ಳಿ ಹೆಚ್ಚು ಅಂದಿದ್ದಾರೆ.

ಈ ಅಂಕಣ ಓದುವವರಿಗೆ ನನ್ನ ಹಳೇ ಮಾತು ಗೊತ್ತು. ಮನಸ್ಸು ಮುರಿದವರಿಗೆ ಬುದ್ಧಿಮಾತು ಬೇಡ, ಕೈಗೆ ಕೆಲಸ ಬೇಕು, ಪಕ್ಕದಲ್ಲಿ ತಮ್ಮವರು ಬೇಕು. ಗಂಡ ತೀರಿಕೊಂಡವರಿಗೂ ಹೇಳಿದ್ದೇನೆ, ಪರೀಕ್ಷೆಯಲ್ಲಿ ಬಿದ್ದ ಹುಡುಗರಿಗೂ ಹೇಳಿದ್ದೇನೆ. ನಿಮ್ಮ ಮಗಳು ಯಾರೂ ಹೇಳದೆ ತಾನೇ ಅದನ್ನು ಹುಡುಕಿಕೊಂಡಿದ್ದಾಳೆ. ನೂರೈವತ್ತು ಜನ ಹಸಿದ ಮಕ್ಕಳಿಗೆ ಅನ್ನ ಹಾಕಿ ಬರುವವಳಿಗೆ ನಿದ್ದೆ ಬರದೆ ಇರುತ್ತದೆಯೇ?

ಅಜ್ಜಿಯ ವಿಷಯ ಸುಲಭ. ಅಜ್ಜಿಯನ್ನು ಡಿಸೆಂಬರ್‌ನಲ್ಲಿ ನೋಡಬಹುದು. ಟ್ರಕ್ಕು ಓಡುವುದು ಬೇಸಿಗೆಯಲ್ಲಿ ಮಾತ್ರ.

ಟ್ರಂಪೆಟ್ ಮತ್ತೆ ಹಿಡಿಯುವಂತೆ ಮಾಡುವುದು ಹೇಗೆ ಅಂತಲೂ ಕೇಳಿದ್ದೀರಿ. ವಯಸ್ಸಿನ ಮಿತಿ ಇಲ್ಲದ ಕೋರ್‌ಗಳೂ ಅಲ್ಲಿವೆ. ನ್ಯೂಜೆರ್ಸಿಯ ಹಾಥಾರ್ನ್ ಕ್ಯಾಬಲೆರೋಸ್, ಪೆನ್ಸಿಲ್ವೇನಿಯಾದ ರೀಡಿಂಗ್ ಬುಕನೀರ್ಸ್ ಅಂಥವು. ಅವುಗಳಲ್ಲಿ ತಲೆ ನರೆತವರೂ ನುಡಿಸುತ್ತಾರೆ. ಇದು ನಿಮ್ಮ ಮಗಳಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನೀವು ಬಾಯಿ ಬಿಡಬೇಡಿ. ಕ್ಲೋಸೆಟ್ ಬಾಗಿಲು ಅವಳೇ ತೆಗೆಯಲಿ, ತೆಗೆಯದೇ ಇದ್ದರೂ ಇರಲಿ.

ಮೈದುನನಿಗೆ ಆ ತುಣುಕು ಅಳಿಸು ಅಂತ ಹೇಳುವುದು ನಿಮ್ಮ ಯಜಮಾನರ ಕೆಲಸ. ಅವರ ತಮ್ಮ, ಅವರೇ ಹೇಳಲಿ, ಇವತ್ತೇ ಹೇಳಲಿ.

ನಿಮಗೆ ನಾನು ಹೇಳುವ ಕೆಲಸ ಒಂದೇ. ಈ ಬೇಸಿಗೆ ಎರಡು ದಿನ ನೀವೂ ಆ ಟ್ರಕ್ಕಿಗೆ ಹೋಗಿ. ನಾನೂ ಬರಲಾ ಅಂತ ಮೊದಲು ಮಗಳನ್ನು ಕೇಳಿ. ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ವರ್ಷ ಮತ್ತೆ ಕೇಳಿ. ಬಾ ಅಂದರೆ ಅವಳು ಹೇಳಿದ ಕಡೆ ನಿಂತು ಅವಳು ಹೇಳಿದ್ದನ್ನು ಹೆಚ್ಚಿಕೊಡಿ. ಸೋಲೋದ ಮಾತು ಎತ್ತಬೇಡಿ. ಸಂಜೆ ಮಕ್ಕಳು ಮೈದಾನಕ್ಕೆ ಇಳಿದಾಗ ಕಣ್ಣು ತೆರೆದು ನೋಡಿ, ಯಾರಾದರೂ ಒಬ್ಬರದು ಒಡೆದೇ ಒಡೆಯುತ್ತದೆ. ಆಗ ನಿಮ್ಮ ಮಗಳು ಏನು ಮಾಡುತ್ತಾಳೆ ಅಂತ ನೋಡಿ, ಬಂದು ನನಗೆ ಬರೆಯಿರಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಂಡು ಹೋಗಿ. ಪಾತ್ರೆ ತೊಳೆಯುವ ಕಡೆ ನೆಲ ಯಾವಾಗಲೂ ಒದ್ದೆ ಇರುತ್ತದೆ.