ಉತ್ತರ: ಅದು ದೇವರ ದನಿಯಾ, ನನ್ನ ಆಸೆಯಾ?

ಮಂಡ್ಯದ ಗದ್ದೆ ಬಿಟ್ಟು ಬೆಂಗಳೂರಿನ ಕೆಲಸಕ್ಕೆ ಹೋಗಲಾ ಅಂತ ಪ್ರಾರ್ಥಿಸಿದಾಗ ಒಳಗಿಂದ 'ಹೋಗು' ಅನ್ನಿಸಿತು, ಅದು ದೇವರದ್ದೋ ನನ್ನದೋ ಅಂತ ಕೇಳಿದ್ದೀರಿ. ತಕ್ಷಣ ಗೊತ್ತಾಗಲಿಲ್ಲ ಅಂತ ಬೇಜಾರು ಬೇಡ. ಬೈಬಲಿನ ಪ್ರವಾದಿ ಸಮುವೇಲನಿಗೇ ಹುಡುಗನಾಗಿದ್ದಾಗ ಗೊತ್ತಾಗಿರಲಿಲ್ಲ. ಕರೆದ ದನಿ ಕೇಳಿ ಮೂರು ಸಲ ಹಾಸಿಗೆಯಿಂದ ಎದ್ದು ಯಾಜಕ ಏಲಿಯ ಹತ್ತಿರ ಓಡಿದ. ಕರೆದದ್ದು ದೇವರು ಅಂತ ಕಂಡುಕೊಂಡದ್ದು ಆ ಕಣ್ಣು ಮಂಜಾದ ಮುದುಕ. ಹಾಗಾಗಿ ನಂಬಿಕೆಯಲ್ಲಿ ಪಳಗಿದ ಒಬ್ಬರ ಹತ್ತಿರ ಹೇಳಿಕೊಳ್ಳಿ. ನಿಮಗೆ ಬೇಕಾದ ಉತ್ತರ ಕೊಡುವವರ ಹತ್ತಿರ ಮಾತ್ರ ಬೇಡ!

ನನಗೆ ಜಾಸ್ತಿ ಸಹಾಯ ಮಾಡಿದ್ದು ಸ್ಪೇನಿನಲ್ಲಿ ಸೈನಿಕರಾಗಿದ್ದು ಆಮೇಲೆ ಸಂತರಾದ ಲೊಯೋಲದ ಇಗ್ನೇಷಿಯಸ್. 1521ರಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ಮಲಗಿದ್ದಾಗ ಅವರು ಒಂದು ವಿಷಯ ಗಮನಿಸಿದರು. ಯುದ್ಧ, ಹೆಸರು, ಹೆಣ್ಣು ಅಂತ ಕನಸು ಕಂಡರೆ ಆಗ ಖುಷಿ, ಆಮೇಲೆ ಮನಸ್ಸು ಬರಡು. ಸಂತರಂತೆ ಬದುಕುವ ಯೋಚನೆ ಬಂದರೆ ಅದು ಹೋದ ಮೇಲೂ ಖುಷಿ ಉಳಿಯುತ್ತಿತ್ತು.

ನಾನೂ ಒಮ್ಮೆ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ಕೂತು, ಊರು ಬಿಡಲಾ ಇರಲಾ ಅಂತ ಹೀಗೇ ಮನಸ್ಸನ್ನು ಗಮನಿಸೋಕೆ ಶುರು ಮಾಡಿದೆ. ಒಂದು ವಾರ 'ಹೋಗ್ತೀನಿ' ಅಂದುಕೊಂಡು ಬದುಕಿದೆ, ಇನ್ನೊಂದು ವಾರ 'ಇರ್ತೀನಿ' ಅಂತ. ಮೊದಲ ವಾರ ನಿದ್ದೆಯೇ ಇಲ್ಲ. 'ಈಗಲೇ, ಬೇಗ' ಅಂತ ಒಳಗೆ ಒಂದೇ ತಳ್ಳಾಟ. ಬೈಬಲಿನ ಪ್ರವಾದಿ ಎಲೀಯನಿಗೆ ಬಿರುಗಾಳಿಯಲ್ಲೂ ಭೂಕಂಪದಲ್ಲೂ ಬೆಂಕಿಯಲ್ಲೂ ದೇವರು ಸಿಗಲಿಲ್ಲ, ಕೊನೆಗೆ ಕೇಳಿದ್ದು ಮೆಲುದನಿ ಅಲ್ವಾ? ನಾನು ಇಲ್ಲೇ ಉಳಿದೆ. ನಿಮ್ಮದು ಬೇರೆ ಇರಬಹುದು.

ಅಂದ ಹಾಗೆ, ನೀವು ಹೋದರೆ ಗದ್ದೆ, ಅಪ್ಪ-ಅಮ್ಮನ್ನ ನೋಡಿಕೊಳ್ಳೋರು ಯಾರು? ಅದನ್ನ ಬರೆದೇ ಇಲ್ಲ.