ಯುಗಾದಿಯಿಂದ ಯುಗಾದಿಯವರೆಗೆ

ಪತ್ರ: “ಸಂಪಾದಕರಿಗೆ ನಮಸ್ಕಾರ. ಮಗ ಬಿ.ಎಸ್ಸಿ. ಮುಗಿಸ್ಯಾನ. ಬಾದಾಮಿ ಕಡೆ ಗುಡ್ಡದಾಗ ಹುಡುಗರನ್ನ ಯುಗಾದಿಯಿಂದ ಯುಗಾದಿತನಕ ಇಟಗೊಂಡು ಗಿಡ ಹಚ್ಚೂದು, ಮಳಿನೀರು ತಡಿಯೂದು ಕಲಸ್ತಾರಂತ. ಊಟ, ವಸತಿ, ಸ್ವಲ್ಪ ಭತ್ಯೆ. ಹೋಗೇ ಹೋಗ್ತೀನಿ ಅಂತಾನ. ತಗ್ಗು ತೋಡಾಕ ಡಿಗ್ರಿ ಯಾಕ ಬೇಕ್ರಿ? ಇಪ್ಪತ್ತು ಹುಡುಗರು ತಿಂಗಳಗಟ್ಟಲೆ ಮಾಡೂದನ್ನ ಒಂದು ಜೆಸಿಬಿ ಎರಡ ದಿನದಾಗ ಮಾಡ್ತದ. ಗಿಡ ಹಚ್ಚೂದು ಒಂದ ದಿನದ ಕೆಲಸ, ಅದಕ್ಕ ವರ್ಷ ಯಾಕ? ಧಾರವಾಡಕ್ಕ ಕೋಚಿಂಗಿಗೆ ಕಳಸಬೇಕಂತ ಮಾಡೀನಿ. ನಿಮ್ಮ ಅಭಿಪ್ರಾಯ ಹೇಳ್ರಿ.” — ನಿಂಬೆ ಬೆಳೆಗಾರರು, ಇಂಡಿ ತಾಲ್ಲೂಕು

ಉತ್ತರ: ಭತ್ಯೆಯಿಂದ ಮನೆ ನಡೆಯುವುದಿಲ್ಲ, ವರ್ಷದ ಕೊನೆಗೆ ಸಿಗುವ ಪ್ರಮಾಣಪತ್ರ ನೌಕರಿ ಕೊಡಿಸುವ ಖಾತ್ರಿಯೂ ಇಲ್ಲ. ತಂದೆಯಾದ ನಿಮ್ಮ ಈ ಆತಂಕ ನ್ಯಾಯವಾದದ್ದು. ಉಳಿದ ಮಾತಿನಲ್ಲಿ ಮಾತ್ರ ನಿಮ್ಮೊಡನೆ ನನಗೆ ಜಗಳವಿದೆ.

ಮೊದಲು ಜೆಸಿಬಿ. ಕೆರೆಯ ಹೂಳೆತ್ತಲು, ಕೃಷಿ ಹೊಂಡ ತೋಡಲು ಅದು ಬೇಕೇ ಬೇಕು. ಗುಡ್ಡದ ಇಳಿಜಾರಿನಲ್ಲಿ ಅದರ ಕೆಲಸವೇ ಬೇರೆಯಾಗುತ್ತದೆ. ನೀರು ಓಡದೆ ನಿಲ್ಲಬೇಕಾದರೆ ಕಾಲುವೆಯಂಥ ತಗ್ಗು ಒಂದೇ ಮಟ್ಟದ ಗೆರೆಯ ಮೇಲೆ, ಗುಡ್ಡ ಹೇಗೆ ತಿರುಗುತ್ತದೋ ಹಾಗೆ ತಿರುಗಿಕೊಂಡು ಹೋಗಬೇಕು. ಯಂತ್ರ ತನಗೆ ಅನುಕೂಲವಾದಂತೆ ನೆಟ್ಟಗೆ ಹೋಗುತ್ತದೆ. ಅದು ಏರಿಳಿದ ದಾರಿಯಲ್ಲಿ ಮಣ್ಣು ಗಟ್ಟಿಯಾಗಿ, ಮುಂದಿನ ಮಳೆಗೆ ಅದೇ ದಾರಿ ಕೊರಕಲಾಗುತ್ತದೆ.

ಮಟ್ಟದ ಗೆರೆ ಹುಡುಕುವುದು ಇಂಥ ಶಿಬಿರದ ಮೊದಲ ವಾರದ ಪಾಠ. ಎರಡು ಮೀಟರಿನ ಎರಡು ಕೋಲುಗಳನ್ನು ತುದಿಯಲ್ಲಿ ಕೂಡಿಸಿ ಕಟ್ಟಿ, ನಡುವೆ ಅಡ್ಡಕೋಲು ಬಿಗಿದು, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡುತ್ತಾರೆ. ಚೌಕಟ್ಟನ್ನು ನಿಲ್ಲಿಸಿ, ದಾರ ಅಡ್ಡಕೋಲಿಗೆ ತಾಗುವಲ್ಲಿ ಗುರುತು ಹಾಕಬೇಕು. ಎರಡೂ ಕಾಲು ಊರಿದ್ದ ಜಾಗದಲ್ಲೇ ಕಾಲು ಅದಲುಬದಲು ಮಾಡಿ ನಿಲ್ಲಿಸಿ ಇನ್ನೊಂದು ಗುರುತು. ಎರಡರ ನಟ್ಟನಡುವೆ ಮಟ್ಟದ ಗುರುತು. ದಾರ ಅಲ್ಲಿಗೆ ಬಂದಾಗಲೆಲ್ಲ ಕಾಲಿನ ಬಳಿ ಗೂಟ ಬಡಿಯುತ್ತ ಮುಂದೆ ಸಾಗಬೇಕು. ಇಷ್ಟೇ ಉಪಕರಣ. ಆದರೆ ಅಡ್ಡಕೋಲಿನ ಹಗ್ಗ ರಾತ್ರಿಯ ತಂಪಿಗೆ, ಹಗಲ ಬಿಸಿಲಿಗೆ ಸಡಿಲಾಗುತ್ತದೆ. ದಿನಾ ಬೆಳಿಗ್ಗೆ ಮತ್ತೆ ಗುರುತು ಪರೀಕ್ಷಿಸದಿದ್ದರೆ ಆ ದಿನದ ಗೂಟಗಳೆಲ್ಲ ಸುಳ್ಳು. ಗಾಳಿ ಬೀಸುವಾಗ ದಾರ ನಿಲ್ಲುವ ತನಕ ಕಾಯುವ ತಾಳ್ಮೆ ಬರಲು ಕೆಲವರಿಗೆ ತಿಂಗಳೇ ಹಿಡಿಯುತ್ತದೆ.

ಆಮೇಲೆ ತೋಡುವುದು. ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳ. ತೆಗೆದ ಮಣ್ಣನ್ನು ಕೆಳಬದಿಗೆ, ಅಂಚಿನಿಂದ ಒಂದಡಿ ಜಾಗ ಬಿಟ್ಟು ಹಾಕಬೇಕು. ಅಂಚಿಗೇ ಸುರಿದರೆ ಮೊದಲ ಮಳೆಗೆ ಅದು ತಗ್ಗಿಗೇ ವಾಪಸ್ಸು. ಅಲ್ಲಲ್ಲಿ ತೋಡದ ಮಣ್ಣಿನ ಅಡ್ಡಗೋಡೆ ಬಿಡಬೇಕು. ಮಟ್ಟ ಎಲ್ಲೋ ನಾಲ್ಕು ಬೆರಳು ತಪ್ಪಿದ್ದರೂ ನೀರೆಲ್ಲ ಒಂದೇ ತುದಿಗೆ ಹರಿದು ಒಡೆಯದಿರಲೆಂದು. ಕೊರಕಲಿಗೆ ಅಡ್ಡಲಾಗಿ ಒಣಕಲ್ಲಿನ ತಡೆ ಕಟ್ಟುವಾಗ ಹೊಸಬರು ಮೇಲ್ಭಾಗವನ್ನು ಸಮ ಮಾಡಿ ಚಂದ ಕಾಣಿಸುತ್ತಾರೆ. ಅದೇ ತಪ್ಪು. ನಡುವೆ ತಗ್ಗು, ಎರಡೂ ದಂಡೆಗೆ ಎತ್ತರ ಇರಬೇಕು. ಇಲ್ಲದಿದ್ದರೆ ನೀರು ಕಲ್ಲನ್ನು ಬಿಟ್ಟು ದಂಡೆಯನ್ನು ಕೊರೆದು ಸುತ್ತುಹಾಕಿ ಹೋಗುತ್ತದೆ. ಕಲ್ಲು ದಂಡೆಯೊಳಗೆ ಒಂದಡಿಯಾದರೂ ಹುದುಗಿರಬೇಕು, ಎತ್ತರ ಒಂದು ಮೀಟರ್ ದಾಟಬಾರದು, ಕೆಳತಡೆಯ ತಲೆ ಮೇಲ್ತಡೆಯ ಬುಡದ ಮಟ್ಟಕ್ಕೆ ಬರಬೇಕು.

ಇದನ್ನೆಲ್ಲ ಕಲಿತ ಹುಡುಗ ಇಂಡಿಯ ಯರಿಹೊಲಕ್ಕೆ ಬಂದು ಇದನ್ನೇ ಮಾಡಿದರೆ ಕೆಡಿಸುತ್ತಾನೆ! ಆಳದ ಕರಿಮಣ್ಣು ಬೇಸಿಗೆಗೆ ಬಿರಿಯುತ್ತದೆ. ಬಿರುಕು ಒಡ್ಡಿನೊಳಗೂ ಹಾಯುತ್ತದೆ, ನಿಂತ ನೀರು ಆ ಬಿರುಕು ಹಿಡಿದು ಒಳಗಿಂದೊಳಗೇ ಸುರಂಗ ಕೊರೆದು ಒಡ್ಡು ಕಿತ್ತುಕೊಂಡು ಹೋಗುತ್ತದೆ. ಹಸಿಯಾದ ಕರಿಮಣ್ಣು ನೀರನ್ನು ಬೇಗ ಕುಡಿಯುವುದೂ ಇಲ್ಲ, ಬೆಳೆ ಜೌಗಾಗುತ್ತದೆ. ಅಲ್ಲಿ ಒಡ್ಡಿಗೆ ಸ್ವಲ್ಪ ಇಳಿಜಾರು, ಹೆಚ್ಚಿನ ನೀರಿಗೆ ಕಲ್ಲಿನ ಕೋಡಿ ಬೇಕು. ಇಲ್ಲವೇ ಮುಂಗಾರಿನಲ್ಲಿ ಚೌಕ ಮಡಿ ಮಾಡಿ ಹಿಂಗಾರಿ ಜೋಳಕ್ಕೆ ಹಸಿ ಉಳಿಸಬೇಕು. ನಮ್ಮ ವಿಜಯಪುರದಲ್ಲಿ 1930ರ ದಶಕದಿಂದಲೇ ಒಣಬೇಸಾಯದ ಸಂಶೋಧನೆ ನಡೆದಿದೆ. ಆ ತಿಳಿವಳಿಕೆ ಹೊಲಕ್ಕೆ ಇಳಿಯಲು ಮಣ್ಣು ಮುಟ್ಟಿ ಗುರುತಿಸುವ ಕೈಗಳು ಬೇಕು.

ಗಿಡ ಹಚ್ಚುವುದು ಒಂದು ದಿನದ ಕೆಲಸ ಎಂದಿರಿ. ನಿಂಬೆ ಬೆಳೆಯುವವರು ಹೀಗೆ ಬರೆಯಬಾರದಿತ್ತು. ಒಂದೂವರೆ ಅಡಿಯ ಗುಂಡಿ ಏಪ್ರಿಲ್–ಮೇನಲ್ಲೇ ತೋಡಿ ಬಿಸಿಲಿಗೆ ಬಿಡಬೇಕು. ಗುಂಡಿಯ ಮಣ್ಣು ಪೂರ್ತಿ ತೊಯ್ಯುವಂಥ ಮಳೆ ಬಿದ್ದ ಮೇಲೆಯೇ ಸಸಿ. ಚೀಲವನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಮುದ್ದೆ ಒಡೆಯದಂತೆ ತೆಗೆದು, ತಳದಲ್ಲಿ ಸುರುಳಿ ಸುತ್ತಿದ ಬೇರಿದ್ದರೆ ಕತ್ತರಿಸಬೇಕು. ಸುರುಳಿ ಬೇರಿನ ಗಿಡ ಎರಡು ವರ್ಷ ಹಸಿರಾಗಿ ನಿಂತು ಆಮೇಲೆ ಒಣಗುತ್ತದೆ, ಅಷ್ಟೊತ್ತಿಗೆ ಹಚ್ಚಿದವರು ಎಲ್ಲಿದ್ದಾರೋ. ಜುಲೈನಲ್ಲಿ ಮಳೆ ಕೈಕೊಟ್ಟಾಗ ಕೊಡದಿಂದ ನೀರು ಹೊರಬೇಕು. ಆಗಸ್ಟ್–ಸೆಪ್ಟೆಂಬರಿನಲ್ಲಿ ಸತ್ತ ಗಿಡದ ಜಾಗಕ್ಕೆ ಬೇರೆ ಗಿಡ. ಚಳಿ ಮುಗಿಯುತ್ತಿದ್ದಂತೆ ಮಣ್ಣು ಬಿರಿದು ಬೇರು ಗಾಳಿಗೆ ಬೀಳುತ್ತದೆ. ಮೇಲ್ಮಣ್ಣು ಕೆದರಿ ಬಿರುಕು ಮುಚ್ಚಿ, ಮೇಲೆ ಕಣಿಕಿ (ಜೋಳದ ಒಣದಂಟು) ಹಾಸಬೇಕು. ಕಣಿಕಿ ಬುಡಕ್ಕೆ ತಾಗಿದರೆ ಒರಲಿ (ಗೆದ್ದಲು) ಹತ್ತುತ್ತದೆ, ನಾಲ್ಕು ಬೆರಳು ಬಿಟ್ಟು ಹಾಸಬೇಕು. ಆಮೇಲೆ ಆಡಿನ ಕಾಟ, ಬೆಂಕಿಯ ಕಾಟ. ಯುಗಾದಿಯಿಂದ ಯುಗಾದಿಯವರೆಗೆ ಯಾಕೆ ಎಂಬುದಕ್ಕೆ ಇದೇ ಉತ್ತರ. ಜೂನಿನಲ್ಲಿ ಹಚ್ಚಿದವನು ಮುಂದಿನ ಮಾರ್ಚಿನಲ್ಲಿ ಅದೇ ಗಿಡದ ಎದುರು ನಿಲ್ಲದಿದ್ದರೆ ತಾನು ಏನು ತಪ್ಪು ಮಾಡಿದೆ ಎಂಬುದು ಅವನಿಗೆ ಗೊತ್ತೇ ಆಗುವುದಿಲ್ಲ.

ಅಲ್ಲೇ ಯಾಕೆ ಇರಬೇಕು, ದಿನಾ ಹೋಗಿ ಬರಬಾರದೇ ಎಂದೂ ಕೇಳಬಹುದು. ನಮ್ಮ ಬಿಸಿಲಿನಲ್ಲಿ ಗುದ್ದಲಿ ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗಿ ಹತ್ತೂವರೆಗೆ ಮುಗಿಯಬೇಕು. ಊರಿಂದ ಬಸ್ಸು ಹಿಡಿದು ಬಂದವರಿಗೆ ಅದು ಆಗದು. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಬಾಯಾರಿಕೆ ಇರಲಿ ಇಲ್ಲದಿರಲಿ. ಬೆವರುತ್ತಿದ್ದ ಹುಡುಗ ಸಂಬಂಧವಿಲ್ಲದ ಮಾತು ಆಡತೊಡಗಿದರೆ ಕೂಡಲೇ ನೆರಳು, ಒದ್ದೆ ಬಟ್ಟೆ, ಗಾಳಿ, ಆಸ್ಪತ್ರೆ. ಸಂಜೆಗೆ ಸಾಮಾನು ನೋಡಿಕೊಳ್ಳುವುದು. ಗುದ್ದಲಿಯ ಕಾವು, ಅಂದರೆ ಕಟ್ಟಿಗೆಯ ಹಿಡಿ, ಸಡಿಲಾದರೆ ನೀರಲ್ಲಿ ನೆನೆಹಾಕುವುದು ನಮ್ಮವರ ರೂಢಿ. ಕಟ್ಟಿಗೆ ಉಬ್ಬಿ ಬಿಗಿಯಾಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಬೆಣೆ ಹೊಡೆಯುವುದೇ ಸರಿ. ಅಡಿಗೆಯೂ ಪಾಳಿಯ ಮೇಲೆ, ಗಂಡುಹುಡುಗರೂ ಸೇರಿ. ಇಪ್ಪತ್ತನಾಲ್ಕು ಜನಕ್ಕೆ ಎರಡು ಹೊತ್ತು, ತಲೆಗೆ ಮೂರರಂತೆ ನೂರಾ ನಲವತ್ತನಾಲ್ಕು ರೊಟ್ಟಿ. ಕಿಲೋ ಹಿಟ್ಟಿಗೆ ಹತ್ತು–ಹನ್ನೆರಡಾದರೆ ಹನ್ನೆರಡರಿಂದ ಹದಿನಾಲ್ಕೂವರೆ ಕಿಲೋ ಹಿಟ್ಟು. ಅಷ್ಟು ರೊಟ್ಟಿ ಬಡಿದವನು ಮನೆಗೆ ಬಂದಾಗ ತಾಯಿಯ ಕೈಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾನೆ.

ಇದು ಹೊಸ ಹುಚ್ಚೇನಲ್ಲ. 1933ರಲ್ಲಿ, ಕೆಲಸವಿಲ್ಲದ ಯುವಕರು ಬೀದಿಗೆ ಬಿದ್ದಿದ್ದಾಗ, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಪಡೆ ಕಟ್ಟಿದರು. ವಸತಿ ಶಿಬಿರದಲ್ಲಿ ಊಟ, ಬಟ್ಟೆ, ತಿಂಗಳಿಗೆ 30 ಡಾಲರ್. ಅದರಲ್ಲಿ ಸುಮಾರು 25 ಡಾಲರ್ ನೇರವಾಗಿ ಮನೆಗೆ. 1942ರವರೆಗೆ ಸುಮಾರು 30 ಲಕ್ಷ ಜನ ಅದರಲ್ಲಿ ದುಡಿದರು, 300 ಕೋಟಿಯಷ್ಟು ಗಿಡ ಹಚ್ಚಿದರು. ಸಾವಿರಾರು ಮಂದಿ ಸಂಜೆಯ ತರಗತಿಯಲ್ಲಿ ಅಕ್ಷರ ಕಲಿತರು. ಕ್ಯಾಲಿಫೋರ್ನಿಯಾ ರಾಜ್ಯ 1976ರಲ್ಲಿ ತನ್ನದೇ ಪಡೆ ಆರಂಭಿಸಿತು, ಅದು ಇಂದಿಗೂ ಇದೆ. ಮನೆಗೆ ಹಣ ಹೋಗುವ ಆ ಏರ್ಪಾಟು ನಮ್ಮಲ್ಲೂ ಆಗಬೇಕೆಂದು ನೀವು ಬರೆದಿದ್ದರೆ ಈ ಪುಟದಲ್ಲಿ ನಿಮ್ಮ ಪರವಾಗಿ ಕೂಗುತ್ತಿದ್ದೆ.

ನಮ್ಮಲ್ಲಿ ಏನಾಗಿದೆ? ಎನ್ನೆಸ್ಸೆಸ್ ಬಂದದ್ದು 1969ರಲ್ಲಿ. ಅದರ ವಿಶೇಷ ಶಿಬಿರ ಏಳು ದಿನ. ಏಳು ದಿನದಲ್ಲಿ ಗುದ್ದಲಿ ಹಿಡಿದ ಅಂಗೈಗೆ ಬೊಬ್ಬೆ ಬರುತ್ತದೆ. ಬೊಬ್ಬೆ ಒಡೆದು ಚರ್ಮ ಗಟ್ಟಿಯಾಗುವಷ್ಟರಲ್ಲಿ ಸಮಾರೋಪ ಸಮಾರಂಭ. ವನಮಹೋತ್ಸವ 1950ರಿಂದ ನಡೆದಿದೆ. ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ ಇಟ್ಟು ಫೋಟೋ ತೆಗೆಸಿಕೊಳ್ಳುವುದನ್ನು ಯಾವ ಊರಿನವರು ನೋಡಿಲ್ಲ? ತೊರವಿಯಿಂದ ನೆಲದಡಿಯ ಸುರಂಗದಲ್ಲಿ ಇಳಿಜಾರು ಹಿಡಿದು ವಿಜಯಪುರಕ್ಕೆ ನೀರು ತಂದ ಆದಿಲ್‌ಶಾಹಿ ಕಾಲದ ಕೆಲಸಗಾರರ ನೆಲ ಇದು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಬಾವಿ ತೋಡಿದರು, ಸ್ವಯಂಸೇವಕರು ಪಾಯಿಖಾನೆ ಕೂಡ ಶುಚಿ ಮಾಡಿದರು. ಇವತ್ತು ಅದೇ ನೆಲದಲ್ಲಿ ಮಗ ಗುದ್ದಲಿ ಹಿಡಿದರೆ ಮರ್ಯಾದೆ ಹೋಗುತ್ತದೆ, ಕೋಚಿಂಗ್ ಕೊಠಡಿಯಲ್ಲಿ ನಾಲ್ಕು ವರ್ಷ ಕೂತು ಬರಿಗೈಲಿ ಬಂದರೆ ಹೋಗುವುದಿಲ್ಲ. ಈ ಲೆಕ್ಕ ನನಗೆ ಅರ್ಥವಾಗಿಲ್ಲ, ಸಿಟ್ಟು ಬರುತ್ತದೆ.

ಕುರುಡಾಗಿ ಕಳಿಸಿ ಎನ್ನುವುದಿಲ್ಲ. ಒಮ್ಮೆ ಅಲ್ಲಿಗೆ ಹೋಗಿ ಬನ್ನಿ, ಮಳೆಗಾಲದಲ್ಲಿ ಬೇಡ, ಬಿರುಬೇಸಿಗೆಯಲ್ಲೇ. ಹೋದ ವರ್ಷ ಹಚ್ಚಿದ ಗಿಡ ತೋರಿಸಿರೆನ್ನಿ. ನೂರು ಗಿಡ ನೀವೇ ಎಣಿಸಿ, ಬದುಕಿದ್ದೆಷ್ಟು ನೋಡಿ. ವಿಮೆ ಇದೆಯೇ ಕೇಳಿ. ಹಾವಿನ ವಿಷಕ್ಕೆ ಔಷಧ ಇರುವ ಆಸ್ಪತ್ರೆ ಎಷ್ಟು ದೂರ, ರಾತ್ರಿ ಗಾಡಿ ಇರುತ್ತದೆಯೇ ಕೇಳಿ. ಕಲ್ಲುಗುಡ್ಡೆಯಲ್ಲಿ ಗರಗಸ ಮಂಡಲವೆಂಬ ವಿಷದ ಹಾವು ಇರುತ್ತದೆ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು ಕೂಡದು, ಅವಯವ ಅಲುಗಾಡದಂತೆ ಕಟ್ಟಿಗೆಯ ದಬ್ಬೆ ಕೊಟ್ಟು ಸಡಿಲವಾಗಿ ಕಟ್ಟಿ ಒಯ್ಯಬೇಕೆಂಬುದು ಅಲ್ಲಿನ ಹುಡುಗರಿಗೆ ಬಾಯಿಪಾಠ ಇದೆಯೇ ನೋಡಿ. ಉತ್ತರ ತಡವರಿಸಿದರೆ ಮಗನನ್ನು ಕರೆದುಕೊಂಡು ವಾಪಸ್ ಬನ್ನಿ.

ಇನ್ನೊಂದು ಮಾತು. ನಿಂಬೆಗೆ ನೀರು ಕಾಂಡಕ್ಕೆ ತಾಗಿದರೆ ಬುಡದಲ್ಲಿ ಅಂಟು ಸೋರಿ ಗಿಡ ಹೋಗುತ್ತದೆಂದು, ಕಾಂಡದ ಸುತ್ತ ಮಣ್ಣೇರಿಸಿ ಹೊರಗೆ ಉಂಗುರದಂತೆ ಪಾತಿ ಮಾಡುವುದು ನಿಮಗೆ ಕೈಬಂದ ವಿದ್ಯೆ. ನಿಮ್ಮ ಬಿ.ಎಸ್ಸಿ. ಮಗನಿಗೆ ಅದು ಬರುತ್ತದೆಯೇ? ಬಾರದಿದ್ದರೆ ನಾಳೆ ಮುಂಜಾನೆ ತೋಟಕ್ಕೆ ಕರೆದೊಯ್ದು, ಗುದ್ದಲಿ ಅವನ ಕೈಗೆ ಕೊಟ್ಟು, ನೀವು ಬದುವಿನ ಮೇಲೆ ಕೂತು ನಾಲ್ಕು ಗಿಡಕ್ಕೆ ಪಾತಿ ಮಾಡಿಸಿ. ಆಮೇಲೆ ಇಬ್ಬರೂ ಕೂಡಿ ಬಾದಾಮಿಗೆ ಹೊರಡಿ.